ಕಂಡಕ್ಟರ್ ಕೂಗಿನಲ್ಲೂ ಛಂದಸ್ಸಿದೆ: ದಿನದ ಮಾತಿನಿಂದ ನಗೆ, ಕವಿತೆ ಹೆಕ್ಕುವ ಬಗೆ

ಬೆಳಗಾದರೆ ಮೊಬೈಲಿಗೆ ನಗೆಹನಿಗಳು ಬಂದು ಬೀಳುತ್ತವೆ. ಗಂಡ ಹೆಂಡತಿಯ ಜಗಳ, ದಡ್ಡ ವಿದ್ಯಾರ್ಥಿ, ಕುಡುಕ ಮತ್ತು ಡಾಕ್ಟರು ಹೀಗೆ ಅವೇ ಪಾತ್ರಗಳು, ಅದೇ ಕೊನೆ. ಓದಿ ಮುಗುಳ್ನಗುವ ಮೊದಲೇ ನಮ್ಮ ಹೆಬ್ಬೆರಳು ಅದನ್ನು ಇನ್ನೊಬ್ಬರಿಗೆ ದಾಟಿಸಿಬಿಟ್ಟಿರುತ್ತದೆ. ಅಷ್ಟರಲ್ಲಿ ಪಕ್ಕದ ಸೀಟಿನಲ್ಲಿ ಕುಳಿತವರು ಫೋನಿನಲ್ಲಿ ಆಡಿದ, ಇಡೀ ಕರ್ನಾಟಕದಲ್ಲಿ ಇನ್ನೆಲ್ಲೂ ಸಿಗದ ಮಾತೊಂದು ಗಾಳಿಗೆ ಹೋಗಿರುತ್ತದೆ. ಈ ಬರಹ ಅಂಥ ಮಾತನ್ನು ಹಿಡಿದಿಟ್ಟುಕೊಂಡು, ಅದರಿಂದ ಒಂದು ಚುಟುಕವನ್ನೋ ಒಗಟನ್ನೋ ಸಂಜೆಯ ಹರಟೆಗೆ ಒಂದು ತುಣುಕನ್ನೋ ಮಾಡಿಕೊಳ್ಳಬೇಕೆನ್ನುವವರಿಗೆ. ಕವಿಯಾಗಬೇಕಾಗಿಲ್ಲ. ಕಿವಿ ನೆಟ್ಟಗಿದ್ದರೆ ಮುಕ್ಕಾಲು ಕೆಲಸ ಆದಂತೆಯೇ.

1. ಸಾರಾಂಶ ಬೇಡ, ಆಡಿದ ಮಾತನ್ನೇ ಬರೆದಿಡಿ

ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಮೊಬೈಲೂ ಆದೀತು, ಆದರೆ ಮೊಬೈಲ್ ತೆರೆದರೆ ಬೇರೆಲ್ಲಿಗೋ ಹೋಗುವವರೇ ಹೆಚ್ಚು. ಕೇಳಿದ ಮಾತನ್ನು ಕೇಳಿದ ಹಾಗೆಯೇ, ಪದ ಕದಲಿಸದೆ ಬರೆಯಿರಿ.

ಡಾಕ್ಟರ ಶಾಪಿನ ಬೆಂಚಿನ ಮೇಲೆ ಇಬ್ಬರು ಹಿರಿಯರು ಕುಳಿತಿದ್ದಾರೆ ಎಂದುಕೊಳ್ಳಿ.

“ಏನು ರಾಯರೇ, ಮಂಡಿನೋವು ಹೇಗಿದೆ?”

“ಅದು ಚೆನ್ನಾಗಿದೆ. ನನಗೇ ಸ್ವಲ್ಪ ಹುಷಾರಿಲ್ಲ.”

ಇದನ್ನು ನೀವು “ರಾಯರು ತಮ್ಮ ಮಂಡಿನೋವಿನ ಬಗ್ಗೆ ತಮಾಷೆ ಮಾಡಿದರು” ಎಂದು ಬರೆದುಕೊಂಡರೆ ವಾರ ಕಳೆದ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ನಗೆ ಇರುವುದು ‘ಅದು’ ಮತ್ತು ‘ನನಗೇ’ ಎಂಬ ಎರಡು ಪದಗಳ ನಡುವೆ. ನೋವು ಮನೆಗೆ ಬಂದು ಠಿಕಾಣಿ ಹೂಡಿದ ನೆಂಟ, ಅವನ ಆರೋಗ್ಯ ಭರ್ಜರಿಯಾಗಿದೆ, ಸೊರಗುತ್ತಿರುವುದು ಯಜಮಾನ. ಇಷ್ಟೆಲ್ಲವನ್ನೂ ರಾಯರು ಒಂದು ‘ಏ’ಕಾರದಲ್ಲಿ ಹೇಳಿ ಮುಗಿಸಿದ್ದಾರೆ.

ಮಾತಿನ ಜತೆ ಜಾಗ, ಹೊತ್ತು, ಸುತ್ತಲಿನ ಒಂದು ವಸ್ತು ಇಷ್ಟನ್ನು ಗುರುತು ಹಾಕಿಕೊಂಡರೆ ಸಾಕು. ಆಡಿದವರ ಹೆಸರು ಬೇಡ. ಮುಂದೆ ಅದು ನಾಲ್ಕು ಜನರ ಮುಂದೆ ಬಂದಾಗ ನಿಮಗೂ ಒಳ್ಳೆಯದು, ಅವರಿಗೂ ಒಳ್ಳೆಯದು.

2. ಕಾಯುವ ಜಾಗಗಳನ್ನು ಹುಡುಕಿ

ಮಾತು ಹುಲುಸಾಗಿ ಬೆಳೆಯುವುದು ಜನ ಕಾಯುತ್ತ ನಿಲ್ಲುವಲ್ಲಿ. ಹಿಟ್ಟಿನ ಗಿರಣಿ, ಪಡಿತರ ಅಂಗಡಿಯ ಸಾಲು, ಬಸ್ ನಿಲ್ದಾಣದ ಕಟ್ಟೆ, ಕ್ಷೌರದಂಗಡಿಯ ಬೆಂಚು. ಟಿವಿ ಹಾಕಿರದ ಕ್ಷೌರದಂಗಡಿ ಸಿಕ್ಕರೆ ಬಿಡಬೇಡಿ.

ಓದುವುದಕ್ಕೂ ಇಂಥ ಜಾಗಗಳಿವೆ. ಮದುವೆಯ ಕರೆಯೋಲೆಯ ಅಡಿಯಲ್ಲಿ “ನಮ್ಮ ಚಿಕ್ಕಪ್ಪನ ಮದುವೆಗೆ ತಪ್ಪದೇ ಬನ್ನಿ” ಎಂದು ಮಕ್ಕಳು ಕರೆಯುತ್ತಾರಲ್ಲ, ಆ ಹೆಸರುಗಳಲ್ಲಿ ಇನ್ನೂ ಮಾತೇ ಬಾರದ ಕೂಸು ಒಂದಾದರೂ ಇರುತ್ತದೆ. ಅದು ನಮ್ಮನ್ನು ಬಹುವಚನದಲ್ಲಿ ಆಹ್ವಾನಿಸುತ್ತದೆ.

ಅದೇ ಮದುವೆಯ ಪಂಕ್ತಿಯಲ್ಲಿ ಕುಳಿತಾಗ ಕಣ್ಣಿಗೆ ಕೆಲಸ ಕೊಡಿ. ಹೋಳಿಗೆಯ ಬುಟ್ಟಿ ಬಂದಾಗ ಎದುರು ಸಾಲಿನವರು “ಬೇಡ ಬೇಡ” ಎನ್ನುತ್ತ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಬೆರಳುಗಳನ್ನು ನೋಡಿ: ನಡುವೆ ಒಂದು ಹೋಳಿಗೆ ಸಲೀಸಾಗಿ ಜಾರುವಷ್ಟು ಸಂದು ಇರುತ್ತದೆ. ಬಡಿಸುವವರಿಗೆ ಆ ಸಂದಿನ ಅಗಲ ಗೊತ್ತು. ಬಾಯಿ ಒಂದು ಹೇಳಿ ಬೆರಳು ಇನ್ನೊಂದು ಹೇಳುವ ಇಂಥ ಎಡೆಯಲ್ಲೇ ಲಲಿತ ಪ್ರಬಂಧಗಳು ಹುಟ್ಟುವುದು.

3. ಮಾತ್ರೆ ಎಣಿಸಿ

ಈಗ ಸ್ವಲ್ಪ ಲೆಕ್ಕ. ಶಾಲೆಯಲ್ಲಿ ಲಘು, ಗುರು ಎಂದು ಗೀಟು ಎಳೆಸಿದ್ದು ನೆನಪಿದ್ದರೆ ಅದನ್ನು ಪರೀಕ್ಷೆಯ ಭಯವಿಲ್ಲದೆ ಮತ್ತೆ ಹೊರಗೆ ತೆಗೆಯಿರಿ. ಮಾತ್ರೆ ಎಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು, ಅದು ಗುರು. ಮೇಜಿನ ಮೇಲೆ ಬೆರಳು ಬಡಿಯುತ್ತ ಎಣಿಸಿ.

ಕಿರಾಣಿ ಅಂಗಡಿಯ ಗೋಡೆಯ ಮೇಲಿನ ಹಳೆಯ ಫಲಕ: ಇಂದು – ನಗದು – ನಾಳೆ – ಉದ್ರಿ. ಮೂರು, ಮೂರು, ಮೂರು, ಮೂರು. ಒಂದು ಮಾತ್ರೆಯೂ ಆಚೆ ಈಚೆ ಇಲ್ಲ. ಮೈಸೂರು ಕಡೆ ‘ಉದ್ರಿ’ ಹೋಗಿ ‘ಸಾಲ’ ಬರುತ್ತದೆ, ಆಗಲೂ ಮೂರೇ. ಪಕ್ಕದಲ್ಲೇ ಇರುವ ‘ಸಾಲ ಕೇಳಬೇಡಿ’ಯೂ ಮೂರು ಮೂರು ಮೂರು.

ಸೊಪ್ಪಿನವರ ಕೂಗು ಕೇಳಿ: ಮೆಂತ್ಯ ಸೊಪ್ಪು, ದಂಟು ಸೊಪ್ಪು, ಹರಿವೆ ಸೊಪ್ಪು. ಎಲ್ಲವೂ ಮೂರು ಮೂರು. ಸಬ್ಬಸಿಗೆ ಬಂದಾಗ ಲೆಕ್ಕ ತಪ್ಪುತ್ತದೆ, ಅದು ಐದು ಮಾತ್ರೆ. ಆಗ ಸೊಪ್ಪಿನವರು ಏನು ಮಾಡುತ್ತಾರೆ? “ಸಬ್ಬಸಿಗೇ” ಎಂದು ಕೊನೆಯನ್ನು ಎಳೆದು ಆರು ಮಾಡಿಕೊಂಡು ಮುಂದೆ ಹೋಗುತ್ತಾರೆ. ಹೋಟೆಲಿನ ಮಾಣಿ “ಇಡ್ಲಿ, ದೋಸೆ, ಪೂರಿ” ಎಂದು ಮೂರರಲ್ಲಿ ಓಡುತ್ತ ಎರಡೇ ಮಾತ್ರೆಯ ವಡೆಯನ್ನು “ವಡೇ” ಎಂದು ಹಿಗ್ಗಿಸುವುದೂ ಇದೇ ಉಪಾಯ. ಯಾವ ಛಂದಸ್ಸಿನ ಪುಸ್ತಕವನ್ನೂ ಅವರು ಮುಟ್ಟಿದವರಲ್ಲ.

ಇನ್ನು ಕಂಡಕ್ಟರ್: “ಮುಂದೆ ಹೋಗಿ, ಒಳಗೆ ಜಾಗ ಖಾಲಿ ಇದೆ!” ಮೂರರ ಐದು ಗುಂಪು, ಕೊನೆಯಲ್ಲಿ ಎರಡು ಮಾತ್ರೆಯ ‘ಇದೆ’, ಆಮೇಲೆ ಉಸಿರು ತೆಗೆದುಕೊಳ್ಳುವ ಬಿಡುವು. ಸಾಲಿನ ಕೊನೆಯ ಗಣವನ್ನು, ಅಂದರೆ ಮಾತ್ರೆಗಳ ಗುಂಪನ್ನು, ಹೀಗೆ ಮೊಟಕು ಮಾಡಿ ನಿಲ್ಲಿಸುವುದು ನಮ್ಮ ಭಾವಗೀತೆಗಳಲ್ಲಿ ಎಲ್ಲೆಲ್ಲೂ ಕಾಣುವ ಕಸುಬು. ಮೂರು ಮಾತ್ರೆಯ ನಡೆಗೆ ಛಂದಶ್ಶಾಸ್ತ್ರದಲ್ಲಿ ಉತ್ಸಾಹ ಲಯ ಎಂದು ಹೆಸರು. ಸಂಜೆ ಆರರ ಬಸ್ಸಿನಲ್ಲಿ ಉತ್ಸಾಹ ಇನ್ನೆಲ್ಲೂ ಇರುವುದಿಲ್ಲ. ಜಾಗ ಖಾಲಿ ಇದೆ ಎಂಬುದು ಸುಳ್ಳು ಎನ್ನುತ್ತೀರಾ? ಅತಿಶಯೋಕ್ತಿ ಕೂಡ ಅಲಂಕಾರವೇ.

ಇದೆಲ್ಲ ಆಕಸ್ಮಿಕವಲ್ಲ. ಹಾಲು, ಬೆಲ್ಲ, ಉಪ್ಪು, ಅನ್ನ, ಸಾರು, ಮುದ್ದೆ, ಊಟ, ಅಜ್ಜ, ಬಸ್ಸು: ಕನ್ನಡದ ದಿನಬಳಕೆಯ ಎಷ್ಟೋ ಪದಗಳು ಒಂದು ಗುರು, ಒಂದು ಲಘು ಸೇರಿ ಮೂರು ಮಾತ್ರೆಯವು. ಸುಮ್ಮನೆ ಒಂದರ ಪಕ್ಕ ಒಂದಿಟ್ಟರೂ ಹೆಜ್ಜೆ ಹಾಕತೊಡಗುತ್ತವೆ. ಒಂದು ವಾರ ಕಿವಿಗೆ ಬಿದ್ದ ಕೂಗು, ಕಣ್ಣಿಗೆ ಬಿದ್ದ ಫಲಕ ಎಲ್ಲವನ್ನೂ ಹೀಗೆ ಬೆರಳಲ್ಲಿ ಎಣಿಸಿ. ಆಮೇಲೆ ನಿಲ್ಲಿಸಬೇಕೆಂದರೂ ಬೆರಳು ನಿಲ್ಲುವುದಿಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.

4. ಸಂತೆಯ ಚೀಟಿಯನ್ನು ಷಟ್ಪದಿಯಲ್ಲಿ ಬರೆಯಿರಿ

ಕಿವಿ ಪಳಗಿದ ಮೇಲೆ ಕೈ. ದೊಡ್ಡ ಭಾವನೆಗಳ ಸಹವಾಸಕ್ಕೆ ಹೋಗದೆ, ಮನೆಗೆ ಬೇಕಾದ ಸಾಮಾನಿನ ಪಟ್ಟಿಯಿಂದ ಶುರುಮಾಡಿ. ಅದಕ್ಕೆ ದೊಡ್ಡ ಪೋಷಾಕು ತೊಡಿಸಿದಷ್ಟೂ ನಗು ಹೆಚ್ಚು.

ಗದುಗಿನ ಕುಮಾರವ್ಯಾಸ 15ನೆಯ ಶತಮಾನದಲ್ಲಿ ಮಹಾಭಾರತದ ಹತ್ತು ಪರ್ವಗಳನ್ನು ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಅದರ ಕಟ್ಟು ಸರಳ: ಆರು ಸಾಲು. 1, 2, 4, 5ನೆಯ ಸಾಲಿಗೆ ಮೂರು–ನಾಲ್ಕು, ಮೂರು–ನಾಲ್ಕು ಮಾತ್ರೆ. 3 ಮತ್ತು 6ನೆಯ ಸಾಲು ಅದರ ಒಂದೂವರೆಯಷ್ಟು, ಕೊನೆಯಲ್ಲಿ ಒಂದು ಗುರು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು, ಅದು ಆದಿಪ್ರಾಸ. ಮಂಜೇಶ್ವರದ ಗೋವಿಂದ ಪೈಗಳು ಕಳೆದ ಶತಮಾನದ ಮೊದಲಲ್ಲಿ ಈ ಪ್ರಾಸದ ಕಟ್ಟನ್ನು ಬಿಟ್ಟು ಬರೆದು ಹೊಸ ಕವಿಗಳಿಗೆ ದಾರಿ ಸಲೀಸು ಮಾಡಿಕೊಟ್ಟರು. ಆದರೆ ನಗೆಗೆ ಕಟ್ಟು ಇದ್ದರೇ ಚೆಂದ. ಬೆಂಡೆಕಾಯಿಗೆ ಪ್ರಾಸ ಹುಡುಕುವ ಪರದಾಟವೇ ಅರ್ಧ ತಮಾಷೆ.

ಕಾಲು ಕೇಜಿಯ ಬೆಂಡೆಕಾಯ್ಗಳು
ಹಾಲು ಮೊಸರಿನ ಎರಡು ಪೊಟ್ಟಣ
ಮೇಲೆ ಚಿಲ್ಲರೆ ಉಳಿದರಷ್ಟಕೆ ಶುಂಠಿ ಮೆಣಸಿನಕಾಯ್ |
ಚೀಲ ಮರೆತರೆ ಹತ್ತು ರೂಪಾಯ್
ಸಾಲ ಹೇಳದೆ ನಗದು ಕೊಟ್ಟರೆ
ಮೂಲೆಯಂಗಡಿಯಜ್ಜ ಕೊಡುವನು ಬಿಟ್ಟಿ ಕರಿಬೇವು ||

ಮೊದಲ ಸಾಲನ್ನು ಒಡೆದು ನೋಡಿ: ಕಾಲು (3) ಕೇಜಿಯ (4) ಬೆಂಡೆ (3) ಕಾಯ್ಗಳು (4). ಎರಡನೆಯ ಅಕ್ಷರ ಆರೂ ಸಾಲಿನಲ್ಲಿ ‘ಲ’ಕಾರ. ಕೊನೆಯ ‘ವು’ ಲಘುವಲ್ಲವೇ ಎಂದು ಯಾರಾದರೂ ಆಕ್ಷೇಪಿಸಿದರೆ, ಷಟ್ಪದಿಯ 3 ಮತ್ತು 6ನೆಯ ಸಾಲಿನ ಕೊನೆಯ ಲಘುವನ್ನು ಗುರುವೆಂದೇ ಎಣಿಸುತ್ತಾರೆ ಎಂದು ಹೇಳಿ ಬಾಯಿ ಮುಚ್ಚಿಸಬಹುದು. ಇದನ್ನು ಗಮಕಿಗಳು ಭಾರತವಾಚನ ಮಾಡುವ ಧಾಟಿಯಲ್ಲಿ, ಯುದ್ಧಕ್ಕೆ ಹೊರಟ ಗಾಂಭೀರ್ಯದಿಂದ ಹಾಡಿ. ಬೆಂಡೆಕಾಯಿಯ ಮುಂದೆ ಸ್ವಲ್ಪ ತಡೆದು, ಕರಿಬೇವನ್ನು ಎಳೆದು ಮುಗಿಸಿದರೆ ಮನೆಯವರು ಚೀಲ ಹಿಡಿದು ತಾವೇ ಹೊರಡುತ್ತಾರೆ.

ಮೊದಲ ಸಲಕ್ಕೆ ಆರು ಸಾಲು ಹೆಚ್ಚೆನಿಸಿದರೆ ಮೂರು–ನಾಲ್ಕರ ಎರಡು ಸಾಲು ಸಾಕು. ಮಾತ್ರೆ ಕೂಡದಿದ್ದಾಗ ಪದವನ್ನು ಹಿಂಡಬೇಡಿ, ಸಾಮಾನನ್ನೇ ಬದಲಾಯಿಸಿ. ಹೀರೆಕಾಯಿ ಕೂಡದಿದ್ದರೆ ಹಾಗಲಕಾಯಿ ತಂದರಾಯಿತು.

5. ಹಾಡುಗಳ ಹೊಟ್ಟೆ ಬಗೆದು ನೋಡಿ

ನಾವು ಹಾಡನ್ನು ಭಕ್ತಿಯಿಂದಲೋ ಮಂಪರಿನಿಂದಲೋ ಕೇಳುತ್ತೇವೆ. ಒಂದು ಸಲ ಕಳ್ಳನ ಕಣ್ಣಿನಿಂದ ಕೇಳಿ: ಈ ಸಾಲನ್ನು ಹೇಗೆ ಮಾಡಿದ್ದಾರೆ, ಇದರಲ್ಲಿ ನಾನು ಏನು ಎತ್ತಿಕೊಂಡು ಹೋಗಬಹುದು?

ಪುರಂದರದಾಸರ ‘ರಾಗಿ ತಂದೀರಾ’ ಕೀರ್ತನೆಯನ್ನೇ ತೆಗೆದುಕೊಳ್ಳಿ. ಭಿಕ್ಷೆಗೆ ಬಂದವರು ಕೇಳುವುದು ರಾಗಿಯನ್ನು. ಆಮೇಲೆ ಯೋಗ್ಯರಾಗಿ, ಭೋಗ್ಯರಾಗಿ ಎಂದು ಮುಂದುವರಿಯುತ್ತಾರೆ. ಹಾಡುವವರ ಚೀಲಕ್ಕೆ ಕಾಳು, ಕೇಳುಗರ ಕಿವಿಗೆ ಉಪದೇಶ ಎರಡೂ ಒಟ್ಟಿಗೇ ಬೀಳುತ್ತವೆ. ಉಪಾಯ ಇಷ್ಟೇ: ನಿತ್ಯದ ಒಂದು ಧಾನ್ಯದ ಹೆಸರು ವ್ಯಾಕರಣದ ಒಂದು ಬಾಲದೊಳಗೆ ಅಡಗಿದೆ. ಇನ್ನೊಂದು ಇಂಥದ್ದು ಸಿಗುವುದೇ ಎಂದು ಹುಡುಕಿ. ಮಾಗಿಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಾಗ ಸಿಕ್ಕೇ ಸಿಗುತ್ತದೆ:

ಬಂದವರೆ, ಕುಳಿತವರೆ, ಹರಟೆ ಹೊಡೆದವರೆ,
ಇಷ್ಟು ಜನದಲ್ಲಿ ಒಬ್ಬರಾದರೂ ಹಿತಕಿದವರೆ?

ಕೆಲಸ ಮಾಡದೆ ಕುಳಿತ ನೆಂಟರಿಗೆ ಇದಕ್ಕಿಂತ ನಯವಾಗಿ ಬುಟ್ಟಿ ಮುಂದೆ ತಳ್ಳಲಾರಿರಿ.

ಶಿಶುನಾಳ ಶರೀಫರಿಂದ (1819–1889) ಕಲಿಯುವುದು ಬೇರೆಯದೇ ಕಸುಬು. ಅವರ ತತ್ವಪದಗಳಲ್ಲಿ ಸೋರುವ ಮಾಳಿಗೆ, ಬೀಳುವಂತಿರುವ ಮುದುಕಿ, ಕೋಡಗವನ್ನು ನುಂಗುವ ಕೋಳಿ ಬರುತ್ತವೆ. ಮಾಳಿಗೆಯ ಪದದಲ್ಲಿ ಅಜ್ಞಾನ ಎಂಬ ಮಾತು ಬೇಗನೆ ಬಂದರೂ ಅದರ ಹಿಂದೆಯೇ ಮುರುಕು ತೊಲೆ, ಹುಳುಕು ಜಂತೆ, ಸಡಿಲಿದ ಕೀಲು ಎಲ್ಲವೂ ಸಾಲಾಗಿ ಬರುತ್ತವೆ. ಮನೆ ರಿಪೇರಿಗೆ ಬಂದವರು ಪಟ್ಟಿ ಮಾಡಿದ ಹಾಗಿದೆ. ಮಾಳಿಗೆ ನಿಜವಾಗಿ ಸೋರಿದ್ದರಿಂದಲೇ ತತ್ವ ಒದ್ದೆಯಾಗಿ ನಮ್ಮನ್ನು ಮುಟ್ಟುತ್ತದೆ. ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ತತ್ವವನ್ನು ಮೊದಲು ಬರೆದು, ಮಾಳಿಗೆಯನ್ನು ಆಮೇಲೆ ಎಲ್ಲಿಂದಲೋ ಬಾಡಿಗೆಗೆ ತರುತ್ತಾರೆ. ನೀವು ವಸ್ತುವಿನ ಬಿಡಿಭಾಗಗಳನ್ನು ಮೊದಲು ಬರೆಯಿರಿ. ತತ್ವ ಬರದಿದ್ದರೂ ಚಿಂತೆಯಿಲ್ಲ.

ಅಂದ ಹಾಗೆ, ಸೋರು–ತಿಹುದು–ಮನೆಯ–ಮಾಳಿ–ಗೆ. ಎಣಿಸಿದಿರಾ? ಕಂಡಕ್ಟರದ್ದೇ ನಡೆ.

6. ಹೆಸರು ಹೇಳದೆ ಹೇಳಿ

“ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ” ಎಂದರೆ ಮಲ್ಲಿಗೆ. “ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ” ಎಂದರೆ ಮೊಟ್ಟೆ. ಒಗಟು ಕಟ್ಟಿದವರು ವಸ್ತುವನ್ನು ಅದರ ಹೆಸರು ಮರೆತವರ ಹಾಗೆ ನೋಡಿದ್ದಾರೆ. ನೀವೂ ಅಡುಗೆಮನೆಯಲ್ಲಿ ನಿಂತು ಒಂದೊಂದೇ ವಸ್ತುವಿನ ಹೆಸರು ಮರೆಯಿರಿ. ಅದು ಏನು ಮಾಡುತ್ತದೆ, ಮನೆಯವರನ್ನು ಹೇಗೆ ಆಡಿಸುತ್ತದೆ ಎಂಬುದನ್ನಷ್ಟೇ ಬರೆಯಿರಿ.

ಎರಡು ಸಲ ಕೂಗಿದರೂ ಯಾರೂ ಓಗೊಡುವುದಿಲ್ಲ,
ಮೂರನೆಯದಕ್ಕೆ ಎಲ್ಲಿದ್ದರೂ ಓಡಿ ಬರುತ್ತಾರೆ.

ಪ್ರೆಷರ್ ಕುಕ್ಕರ್ ಎಂದು ಮಕ್ಕಳು ಕ್ಷಣದಲ್ಲಿ ಹೇಳುತ್ತಾರೆ. ಚಾರ್ಜರ್, ರಿಮೋಟ್, ಇನ್ವರ್ಟರ್, ಆಧಾರ್ ಚೀಟಿ ಇವಕ್ಕೆಲ್ಲ ಇನ್ನೂ ಒಳ್ಳೆಯ ಒಗಟು ಬೇಕಾಗಿದೆ. ಅಜ್ಜಿಯಂದಿರ ಕಾಲದಲ್ಲಿ ಇವು ಇರಲಿಲ್ಲ, ಆದ್ದರಿಂದ ಕೆಲಸ ನಮ್ಮ ಪಾಲಿಗೆ ಬಂದಿದೆ.

7. ನಾಲ್ಕು ಸಾಲಿಗೆ ಇಳಿಸಿ

ಪುಸ್ತಕದಲ್ಲಿ ಬರೆದಿಟ್ಟ ಮಾತು ನಗೆಯಾಗುವುದು ಕ್ರಮದಿಂದ. ಇದನ್ನು ನೋಡಿ:

“ಮೂರು ವರ್ಷದ ಹಿಂದೆ ನಾಳೆ ಬರುತ್ತೇನೆ ಎಂದ ಬಡಗಿ ಇನ್ನೂ ಬಂದಿಲ್ಲ.” ಇದು ದೂರು.

“ನಾಳೆ ಬರುತ್ತೇನೆ ಎಂದು ಬಡಗಿ ಹೇಳಿದ. ಆ ನಾಳೆಗೆ ಮೊನ್ನೆ ಮೂರು ವರ್ಷ ತುಂಬಿತು.” ಇದು ನಗೆ.

ಸಂಗತಿ ಅದೇ. ಮೊದಲನೆಯದು ಗುಟ್ಟನ್ನು ಮೂರನೆಯ ಪದದೊಳಗೆ ಬಿಟ್ಟುಕೊಟ್ಟಿತು. ಎರಡನೆಯದು ಕೊನೆಯವರೆಗೆ ಮುಷ್ಟಿ ಬಿಚ್ಚಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕೇಳುವವರು ಹೇಗೂ ವಾಕ್ಯದ ತುದಿಯವರೆಗೆ ಕಾಯುತ್ತಾರೆ. ಆ ಕಾಯುವಿಕೆಯನ್ನು ಬಳಸಿಕೊಳ್ಳಿ.

ಚುಟುಕಕ್ಕೆ ಅಂಕೋಲೆಯ ದಿನಕರ ದೇಸಾಯಿಯವರು (1909–1982) ಹಾಕಿಕೊಟ್ಟ ಅಚ್ಚು ಇಂದಿಗೂ ಚೆನ್ನ: ನಾಲ್ಕು ಸಾಲು, ಎರಡೆರಡಕ್ಕೆ ಅಂತ್ಯಪ್ರಾಸ. ಮೂರನೆಯ ಸಾಲಿನಲ್ಲಿ ತಿರುವು, ನಾಲ್ಕನೆಯದರಲ್ಲಿ ಪೆಟ್ಟು. ನಮ್ಮ ಬಡಗಿಯನ್ನು ಐದು–ಐದು–ಐದು–ಮೂರು ಮಾತ್ರೆಯ ಸಾಲಿಗೆ ಕೂರಿಸಿದರೆ:

ನಾಳೆ ಬರುವೆನು ಎಂದ ನಮ್ಮೂರ ಬಡಗಿ
ಬಾಗಿಲಿನ ಅಳತೆ ಹಿಡಿದೇ ಹೋದನಡಗಿ
ಆ ನಾಳೆಗೀಗಾಗಲೇ ವರ್ಷ ಮೂರು
ಬಾಲವಾಡಿಗೆ ಅದನು ಸೇರಿಸುವರಾರು?

ಬರೆದಾದ ಮೇಲೆ ಐದನೆಯ ಸಾಲು ಬರೆಯಲು ಕೈ ತುರಿಸುತ್ತದೆ. ಕೆಲಸಗಾರರೆಲ್ಲ ಹೀಗೆಯೇ, ಕಾಲ ಕೆಟ್ಟಿತು ಇತ್ಯಾದಿ. ಆ ಕೈಯನ್ನು ಬೇರೆ ಕೆಲಸಕ್ಕೆ ಹಚ್ಚಿ.

8. ಮಾತಿಗೆ ಮಾತು

ಹರಟೆಯ ಕಲೆ ಕಲಿಯಬೇಕೆಂದರೆ ಕರಾವಳಿ, ಮಲೆನಾಡಿನ ಒಂದು ತಾಳಮದ್ದಳೆಗೆ ಹೋಗಿ ಕುಳಿತುಕೊಳ್ಳಿ. ಅದು ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಅರ್ಥ ಹೇಳುತ್ತಾರೆ. ಬಾಯಿಪಾಠದ ಸಂಭಾಷಣೆಯಲ್ಲ, ಎದುರಾಳಿ ಏನು ಹೇಳುತ್ತಾರೋ ಅದರ ಮೇಲೆ ಇವರ ಮಾತು ಹುಟ್ಟಬೇಕು. ಗಮನಿಸಿದರೆ ಗೊತ್ತಾಗುತ್ತದೆ: ನುರಿತ ಅರ್ಥಧಾರಿ ತನ್ನ ಬಳಿ ಇರುವ ಬಾಣ ಬಿಡುವುದಿಲ್ಲ, ಎದುರಿನವರು ಬಿಟ್ಟ ಬಾಣವನ್ನೇ ಹಿಡಿದು ತಿರುಗಿಸುತ್ತಾರೆ. ಅವರ ಕೊನೆಯ ಪದ ಇವರ ಮೊದಲ ಪದ.

ಮನೆಯಲ್ಲೂ ಇದು ನಡೆಯುತ್ತದೆ.

“ಅಮ್ಮಾ, ನನಗೆ ಸಮಯವೇ ಸಿಗುತ್ತಿಲ್ಲ.”

“ಸಿಗುತ್ತದೆ ಮಗನೆ, ಮಂಚದ ಕೆಳಗೆ ನೋಡು. ನಿನ್ನ ಕಾಲುಚೀಲವೂ ಅಲ್ಲೇ ಸಿಕ್ಕಿದ್ದು.”

ತಾಯಿ ಹೊಸದೇನನ್ನೂ ತರಲಿಲ್ಲ. ಮಗ ಕೊಟ್ಟ ‘ಸಿಗು’ ಎಂಬುದನ್ನೇ ಮಂಚದ ಕೆಳಗೆ ಉರುಳಿಸಿದರು. ಹಾಗಾಗಿ ಮಾತಿನ ಚಮತ್ಕಾರ ಬೇಕೆಂದರೆ ಮುಂದೇನು ಹೇಳಲಿ ಎಂದು ಯೋಚಿಸುತ್ತ ಕೂರಬೇಡಿ, ಎದುರಿನವರ ಮಾತಿಗೆ ಕಿವಿ ಕೊಡಿ. “ಒಂದು ಜೋಕ್ ಹೇಳುತ್ತೇನೆ, ಕೇಳಿ” ಎಂದು ಪೀಠಿಕೆ ಹಾಕುವವರನ್ನು ಕಂಡರೆ ನನಗೆ ಆ ಕ್ಷಣವೇ ಬೇರೆ ಕೆಲಸ ನೆನಪಾಗುತ್ತದೆ. ಹೇಳಿ ಆದ ಮೇಲೆ ವಿವರಿಸುವವರು ಇನ್ನೂ ಅಪಾಯಕಾರಿ.

ಧಾರವಾಡದವರ, ಮಂಗಳೂರಿನವರ ಮಾತಿನ ಧಾಟಿಯನ್ನು ಅಣಕಿಸಿ ನಗಿಸುವುದು ನಮ್ಮಲ್ಲಿ ಹಳೆಯ ಚಟ. ಅದು ಸೋಮಾರಿಗಳ ಹಾಸ್ಯ. ಧಾಟಿಯಲ್ಲಿ ನಗೆಯಿಲ್ಲ, ಆ ಧಾಟಿಯಲ್ಲಿ ಅವರು ಹೇಳಿದ್ದರಲ್ಲಿ ಇದೆ. ಮೈಬಣ್ಣ, ದಪ್ಪ, ಜಾತಿ ಇವನ್ನೂ ಮುಟ್ಟಬೇಡಿ. ಮುಟ್ಟದೆ ನಗಿಸಲಾಗದಿದ್ದರೆ ಒಂದನೆಯ ಹಂತಕ್ಕೆ ಮರಳಿ ಇನ್ನಷ್ಟು ಬರೆದಿಟ್ಟುಕೊಳ್ಳಿ.

9. ಜನರ ಮುಂದೆ ಹೇಳಿ

ಮುದ್ರಣ, ಪ್ರಶಸ್ತಿ ಎಂದೆಲ್ಲ ಯೋಚಿಸುವ ಮೊದಲು ಮನೆಯ ಸಮಾರಂಭಗಳನ್ನು ಹಿಡಿಯಿರಿ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಸಿದ್ಧವಾದ ವೇದಿಕೆಯೇ ಇದೆ. ಮದುವೆ, ಸೀಮಂತದಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ನೇರವಾಗಿ ಹೇಳದೆ ಪ್ರಾಸದ ಸಾಲಿನೊಳಗೆ ಕೂರಿಸಿ ಹೇಳುವ ಒಡಪು. ಬೆಳ್ಳಿ ಬಟ್ಟಲು, ಮಲ್ಲಿಗೆ ಮಾಲೆ ಎಂದು ಶುರುವಾಗುವ ಹಳೆಯ ಒಡಪುಗಳನ್ನೇ ತಲೆಮಾರಿನಿಂದ ಒಪ್ಪಿಸುತ್ತ ಬಂದಿದ್ದೇವೆ. ಹೊಸತಕ್ಕೆ ಸೂತ್ರ ಇದು: ಮೊದಲ ಸಾಲಿನಲ್ಲಿ ಎರಡು ನಿತ್ಯದ ವಸ್ತು, ಕೊನೆಯ ಪದಕ್ಕೆ ಪ್ರಾಸ ಸುಲಭವಾಗಿ ಸಿಗುವಂಥದ್ದು. ಎರಡನೆಯ ಸಾಲಿನಲ್ಲಿ ಗಂಡನ ಒಂದು ನಿಜವಾದ ಅಭ್ಯಾಸ.

ಮೊಬೈಲಿಗೆ ಬೇಕು ಚಾರ್ಜು, ಮಜ್ಜಿಗೆಗೆ ಬೇಕು ಉಪ್ಪು,
ಚಹಾ ತಡವಾದರೆ, ಸೂರ್ಯ ಹುಟ್ಟಿದ್ದೂ ನಮ್ಮ ––– ಅವರ ಲೆಕ್ಕದಲ್ಲಿ ನನ್ನದೇ ತಪ್ಪು.

ಖಾಲಿ ಬಿಟ್ಟ ಜಾಗದಲ್ಲಿ ಹೆಸರು ಬರಬೇಕು. ಹೆಸರಿಗೆ ಮುಂಚೆ ಒಂದು ಕ್ಷಣ ತಡೆಯಿರಿ, ಸುತ್ತಲಿನ ಹೆಂಗಸರು “ಹೇಳು, ಹೇಳು” ಎಂದು ಒತ್ತಾಯಿಸಲಿ. ‘ತಪ್ಪು’ ಎಂಬುದನ್ನು ಮೆಲ್ಲಗೆ ಹೇಳಿ, ಕೂಗಬೇಡಿ. ಗಂಡಸರೂ ಹೆಂಡತಿಯ ಹೆಸರಿಗೆ ಒಡಪು ಹೇಳಬೇಕೆಂದು ಪಟ್ಟು ಹಿಡಿದರೆ ತಪ್ಪೇನಿಲ್ಲ. ಅವರಿಗೆ ಹಿಂದಿನ ರಾತ್ರಿಯೇ ತಿಳಿಸಿ, ತಯಾರಿಗೆ ಹೊತ್ತು ಬೇಕಾಗುತ್ತದೆ.